ಕೆರೆಯ ರಾಡಿಯಲ್ಲಿ ಹಾರ್ಮೋನು ಹುಡುಕಿದ್ದು

ನೀರಿನಲ್ಲಿ ಹಾರ್ಮೋನು ಕಾಣಿಸಲಿಲ್ಲ, ಆದ್ದರಿಂದ ಅದು ನಾಶವಾಯಿತು ಎಂದು ಬರೆಯುವ ವರದಿಗಳ ಬಗ್ಗೆ ನನಗೆ ಮೊದಲಿನಿಂದಲೂ ಗುಮಾನಿ. ಹಾಗಾಗಿ ಶಿರಸಿ ಸೀಮೆಯ ಒಂದು ಕೆರೆಯ ರಾಡಿಯನ್ನೇ ಪರೀಕ್ಷೆಗೆ ಆರಿಸಿಕೊಂಡೆ. ಕೆರೆಯ ಮೇಲ್ಗಡೆ ಅಡಿಕೆ ತೋಟ, ಅದರಾಚೆ ದನದ ಕೊಟ್ಟಿಗೆ. ಮಳೆ ಹಿಡಿದರೆ ಗೊಬ್ಬರಗುಂಡಿಯ ನೀರು ಬಸಿಗಾಲುವೆಯಲ್ಲಿ ಹರಿದು ಕೆರೆಗೇ ಇಳಿಯುತ್ತದೆ.

‘ನಮ್ಮ ಕೊಟ್ಟಿಗೆಯ ಮೇಲೆ ಗೂಬೆ ಕೂರಿಸಬೇಡ ತಮ್ಮಾ’ ಎಂದರು ತೋಟದ ಯಜಮಾನರು. ಅಂಥ ಉದ್ದೇಶ ನನಗಿರಲಿಲ್ಲ. ಯಾವ ಇಂಜೆಕ್ಷನ್ ಚುಚ್ಚದಿದ್ದರೂ ಆಕಳು ಸಗಣಿ, ಗಂಜಲದಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನನ್ನು ಹೊರಹಾಕುತ್ತದೆ. ಗಬ್ಬದ ಆಕಳಾದರೆ ಇನ್ನೂ ಹೆಚ್ಚು. ಅದರಲ್ಲಿ ದೊಡ್ಡ ಪಾಲು 17-ಆಲ್ಫಾ ಎಸ್ಟ್ರಾಡಯೋಲ್ ಎಂಬ ಬಗೆ; ಅದು ದುರ್ಬಲ. ಮನುಷ್ಯರ ಮೂತ್ರದಲ್ಲೂ ಇರುವ 17-ಬೀಟಾ ಎಸ್ಟ್ರಾಡಯೋಲ್ ಹಾಗಲ್ಲ. ಲೀಟರಿಗೆ ಹತ್ತಾರು ನ್ಯಾನೊಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಹತ್ತಾರು ಪಾಲು ಇದ್ದರೂ ಗಂಡು ಮೀನಿನ ರಕ್ತದಲ್ಲಿ ಮೊಟ್ಟೆಯ ಹಳದಿಗೆ ಬೇಕಾದ ಪ್ರೊಟೀನು ಕಾಣಿಸತೊಡಗುತ್ತದೆ.

ಪರೀಕ್ಷೆ ಎಂದರೆ, ಕೆರೆಯ ರಾಡಿಯ ಜೊತೆ ನಾನೇ ಎಸ್ಟ್ರಾಡಯೋಲ್ ಸೇರಿಸಿ ಅದು ಎಲ್ಲಿಗೆ ಹೋಗುತ್ತದೆಂದು ನೋಡುವುದು. ರಾಡಿ ತೆಗೆಯುವಾಗ ಬಣ್ಣ ನೋಡಬೇಕು. ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಕಂದು ಪದರ, ಕೆಳಗೆ ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ರಾಡಿ. ಆಮ್ಲಜನಕ ಮುಗಿಯುವುದು ಸುಮಾರಾಗಿ ಆ ಗೆರೆಯಲ್ಲೇ. ಎರಡನ್ನೂ ಬೇರೆ ಬೇರೆ ಗಾಜಿನ ಬಾಟಲಿಗಳಲ್ಲಿ ತುಂಬಿದೆ. ಕಪ್ಪು ರಾಡಿಯ ಬಾಟಲಿಗಳಿಂದ ನೈಟ್ರೋಜನ್ ಹಾಯಿಸಿ ಗಾಳಿ ಹೊರಡಿಸಿದೆ. ಪ್ಲಾಸ್ಟಿಕ್ ಬೇಡವೇ ಬೇಡ. ಹಾರ್ಮೋನು ಅದರ ಗೋಡೆಗೂ ರಬ್ಬರ್ ಬಿರಡೆಗೂ ಅಂಟಿಕೊಳ್ಳುತ್ತದೆ.

ಎಸ್ಟ್ರಾಡಯೋಲ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಅಸಿಟೋನ್‌ನಲ್ಲಿ ಕರಗಿಸಬೇಕು. ಆದರೆ ಅಸಿಟೋನ್ ಬ್ಯಾಕ್ಟೀರಿಯಾಗಳಿಗೆ ಆಹಾರವೂ ಹೌದು. ಅದನ್ನು ರಾಡಿಯ ಜೊತೆಗೇ ಬೆರೆಸಿದರೆ ಕೆರೆಯಲ್ಲಿಲ್ಲದ ಔತಣವೊಂದನ್ನು ನಾವೇ ಏರ್ಪಡಿಸಿದಂತೆ. ಆದ್ದರಿಂದ ರಾಡಿ ತುಂಬುವ ಮೊದಲೇ ದ್ರಾವಣವನ್ನು ಖಾಲಿ ಬಾಟಲಿಗೆ ಬಿಟ್ಟಿದ್ದೆ; ಅಸಿಟೋನ್ ಪೂರ್ತಿ ಆರಿದ ಮೇಲೆಯೇ ರಾಡಿಯನ್ನೂ ಕೆರೆಯ ನೀರನ್ನೂ ಹಾಕಿದ್ದು. ಪಾಚಿ ಬೆಳೆಯದಂತೆ ಹೊರಗೆ ಅಲ್ಯೂಮಿನಿಯಂ ಹಾಳೆ ಸುತ್ತಿದೆ.

ಇನ್ನೊಂದು ಜೋಡಿ ಬಾಟಲಿಗಳಿಗೆ ಹಾರ್ಮೋನು ಹಾಕುವ ಮೊದಲೇ ರಾಡಿಯಲ್ಲಿನ ಜೀವಿಗಳನ್ನು ಕೊಲ್ಲಬೇಕಿತ್ತು. ಅದಕ್ಕೆ ಮನೆಯ ಪ್ರೆಶರ್ ಕುಕ್ಕರ್ ಸಾಕಾಯಿತು; ಬೀಜಾಣುಗಳು ಒಂದೇ ಸಲಕ್ಕೆ ಸಾಯುವುದಿಲ್ಲವಾದ್ದರಿಂದ ಸತತ ಮೂರು ದಿನ ಬೇಯಿಸಿದೆ. (ಆ ಕುಕ್ಕರ್ ಮತ್ತೆ ಅಡುಗೆಮನೆಗೆ ಮರಳಲಿಲ್ಲ.) ಈ ಬೇಯಿಸಿದ ರಾಡಿಯೇ ಪರೀಕ್ಷೆಯ ಜೀವಾಳ. ತಿನ್ನುವ ಜೀವಿಗಳೇ ಇಲ್ಲದ ಇದರಲ್ಲೂ ನೀರಿನೊಳಗಿನ ಎಸ್ಟ್ರಾಡಯೋಲ್ ಇಳಿಯಿತು! ಎಲ್ಲಿಗೆ ಹೋಯಿತು? ರಾಡಿಯನ್ನು ಮೆಥನಾಲ್‌ನಲ್ಲಿ ಅಲುಗಾಡಿಸಿ ತೆಗೆದಾಗ ಬಹುಪಾಲು ಅಲ್ಲೇ ಸಿಕ್ಕಿತು. ಅಡಿಕೆ ಸೋಗೆ, ದರಕು ಕೊಳೆತು ಸೇರಿದ ಈ ರಾಡಿಯಲ್ಲಿ ಜೈವಿಕ ಇಂಗಾಲ ಹೇರಳ; ಹಾರ್ಮೋನು ಅದಕ್ಕೇ ಅಂಟುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣಿನ ಊರಿನಲ್ಲಿ ಮತ್ತೊಂದು ತೊಡಕಿದೆ: ಮಣ್ಣಿನಲ್ಲಿರುವ ಮ್ಯಾಂಗನೀಸ್ ಆಕ್ಸೈಡ್ ಯಾವ ಜೀವಿಯ ನೆರವಿಲ್ಲದೆಯೂ ಎಸ್ಟ್ರಾಡಯೋಲನ್ನು ಉತ್ಕರ್ಷಿಸಬಲ್ಲದು, ಅಂದರೆ ರಾಸಾಯನಿಕವಾಗಿ ಬೇರೆ ವಸ್ತುವಾಗಿಸಬಲ್ಲದು.

ಕಂದು ಪದರದ ಜೀವಂತ ಬಾಟಲಿಗಳಲ್ಲಿ ಎಸ್ಟ್ರಾಡಯೋಲ್ ಇಳಿದಂತೆಲ್ಲ ಎಸ್ಟ್ರೋನ್ ಏರಿತು, ಆಮೇಲೆ ಅದೂ ನಿಧಾನವಾಗಿ ಕಡಿಮೆಯಾಯಿತು. ಎಸ್ಟ್ರೋನ್ ಕೂಡ ಈಸ್ಟ್ರೋಜನ್ನೇ. ಸ್ವಲ್ಪ ಮೆತ್ತಗಿನದು, ಅಷ್ಟೇ. ಕಪ್ಪು ರಾಡಿಯಲ್ಲಿ ಈ ಎಸ್ಟ್ರೋನ್ ಹೆಚ್ಚು ಕಾಲ ನಿಂತಿತು. ಗಾಳಿಯಿಲ್ಲದ ಕಡೆ ಬ್ಯಾಕ್ಟೀರಿಯಾಗಳು ಅದನ್ನು ಮರಳಿ ಎಸ್ಟ್ರಾಡಯೋಲ್ ಮಾಡುವುದೂ ಉಂಟು. ಹಾಗಾಗಿ ನಾನು ಬರೆದುಕೊಂಡದ್ದು ಎಸ್ಟ್ರಾಡಯೋಲ್, ಎಸ್ಟ್ರೋನ್ ಎರಡರ ಮೊತ್ತವನ್ನು, ನೀರಿನದು ಮತ್ತು ರಾಡಿಯದು ಸೇರಿಸಿ. ಹಾರ್ಮೋನು ಅಳೆಯುವ ಸಿದ್ಧ ಪರೀಕ್ಷಾ ಕಿಟ್‌ನಲ್ಲಿ ಅಳೆಯುವವರಿಗೆ ಒಂದು ಎಚ್ಚರಿಕೆ: ಕೊಳೆತ ಎಲೆಯ ಕಂದು ಬಣ್ಣ ಕಿಟ್‌ನ ಫಲಿತಾಂಶವನ್ನು ಕೆಡಿಸುತ್ತದೆ, ಕೆಲವು ಮಾದರಿಗಳನ್ನಾದರೂ ಮಾಸ್ ಸ್ಪೆಕ್ಟ್ರೋಮೀಟರ್ (ಅಣುಗಳನ್ನು ತೂಕದಿಂದ ಗುರುತಿಸುವ ಯಂತ್ರ) ಇರುವ ಪ್ರಯೋಗಾಲಯಕ್ಕೆ ಕಳುಹಿಸಿ ತಾಳೆ ನೋಡಬೇಕು.

ಯಜಮಾನರಿಗೆ ಹೇಳಿದ್ದು ಇಷ್ಟೇ: ಗೊಬ್ಬರವನ್ನು ಚೆನ್ನಾಗಿ ಕಳಿಯಲು ಬಿಡಿ, ಮಳೆಗಾಲದಲ್ಲಿ ಗುಂಡಿಗೆ ಮಾಡು (ಚಾವಣಿ) ಕಟ್ಟಿ. ‘ಮಾಡು ಕಟ್ಟಿದರೆ ಗೊಬ್ಬರದ ಸಾರವೂ ಉಳಿಯುತ್ತದಲ್ಲವೇ’ ಎಂದು ಅವರೇ ಕೇಳಿದರು. ಉಳಿಯುತ್ತದೆ.