ಮಾವಿನ ಸೌದೆಯೊಳಗಿನ ಕರ ಕರ

ನಮ್ಮದು ಬೆಂಗಳೂರಿನ ಹನುಮಂತನಗರದ ಹಳೇ ಮನೆ. ಹಿಂದೆ ಸಣ್ಣ ಹಿತ್ತಲು, ಬಚ್ಚಲಲ್ಲಿ ಇನ್ನೂ ತಾಮ್ರದ ಹಂಡೆ. ಸೋಲಾರ್ ಹಾಕಿಸಿ ಎಷ್ಟೋ ವರ್ಷವಾಯಿತು, ಆದರೂ ಅಮ್ಮನಿಗೆ ಹಂಡೆ ನೀರೇ ಆಗಬೇಕು. ಹಾಗಾಗಿ ಸೌದೆ ಒಟ್ಟುವ ಕೆಲಸ ನನ್ನ ಪಾಲಿಗೆ ಬಂದಿದೆ.

ಹೋದ ವರ್ಷ ಏಪ್ರಿಲ್ ಮಳೆಗೆ ಪಕ್ಕದ ಮನೆಯ ಮಾವಿನ ಮರದ ದಪ್ಪ ಕೊಂಬೆ ಮುರಿದು ನಮ್ಮ ಕಾಂಪೌಂಡ್ ಮೇಲೆ ಬಿತ್ತು. ಅಲ್ಲಿನ ಆಂಟಿ "ತಗೊಳ್ಳಪ್ಪ, ನಿಮ್ಮ ಹಂಡೆಗಾದ್ರೂ ಆಗುತ್ತೆ" ಅಂದರು. ತುಂಡು ಮಾಡಿಸಿದೆ. ಸೌದೆ ಡಿಪೋದಿಂದ ತಂದ ಸಿಲ್ವರ್ ಓಕ್ ಸ್ವಲ್ಪ ಇತ್ತು, ಅದನ್ನೂ ಸೇರಿಸಿ ಬರೀ ನೆಲದ ಮೇಲೆ, ಮನೆ ಗೋಡೆಗೆ ಆನಿಸಿ, ತೊಗಟೆ ಸಮೇತ ಒಟ್ಟಿಬಿಟ್ಟೆ. ಮಳೆ ಬೀಳಬಾರದು ಅಲ್ವಾ? ನೀಲಿ ಟಾರ್ಪಾಲನ್ನು ನೆಲದವರೆಗೂ ಸುತ್ತಿ ಕಟ್ಟಿದೆ. ಹುಳುಗಳಿಗೆ ಇದಕ್ಕಿಂತ ಒಳ್ಳೆ ಮನೆಯನ್ನು ನಾನೇ ಬೇಕಂತ ಪ್ರಯತ್ನಪಟ್ಟರೂ ಕಟ್ಟಿಕೊಡೋಕೆ ಆಗುತ್ತಿರಲಿಲ್ಲ.

ಡಿಸೆಂಬರ್‌ನ ಒಂದು ರಾತ್ರಿ ಬಚ್ಚಲ ಲೈಟ್ ಆರಿಸಲು ಹೋದಾಗ ಹಿತ್ತಲಿಂದ ಸದ್ದು ಕೇಳಿಸಿತು. ಕರ, ಕರ, ಕರ. ಯಾರೋ ಕದ್ದು ಚಕ್ಕುಲಿ ತಿನ್ನುತ್ತಿರುವ ಹಾಗೆ. ಹೆಗ್ಗಣ ಇರಬೇಕು ಅಂದುಕೊಂಡೆ. ಟಾರ್ಪಾಲಿನ ಮೇಲೆ ಪೊರಕೆಯಿಂದ ಬಡಿದರೆ ಸದ್ದು ನಿಂತಿತು. ಎರಡು ನಿಮಿಷ ಬಿಟ್ಟು ಮತ್ತೆ ಶುರು, ಅದೇ ಜಾಗದಿಂದ. ಹೆಗ್ಗಣವಾಗಿದ್ದರೆ ಓಡಿಹೋಗಿರಬೇಕಿತ್ತು.

ಭಾನುವಾರ ಬೆಳಕಿನಲ್ಲಿ ಬಿಚ್ಚಿದೆ. ಶೂ, ದಪ್ಪ ಗ್ಲೌಸ್ ಹಾಕಿಕೊಂಡೆ. ಮೇಲಿನ ತುಂಡಿನಿಂದ ಶುರು ಮಾಡಿ, ಪ್ರತಿಯೊಂದನ್ನೂ ಮೊದಲು ಕಬ್ಬಿಣದ ಸಲಾಕೆಯಿಂದ ಉರುಳಿಸಿ, ಅಡಿ ನೋಡಿ, ಆಮೇಲೆ ಕೈ ಹಾಕುತ್ತಿದ್ದೆ. ಮೂರನೇ ಸಾಲಿನಲ್ಲಿ ಒಂದು ಜರಿ, ಅದರ ಕೆಳಗೆ ಎರಡು ಚೇಳು ಸಿಕ್ಕವು. ನೋಡದೆ ಕೈ ಹಾಕಿದ್ದರೆ ಈ ಬರಹದ ವಿಷಯವೇ ಬೇರೆ ಆಗಿರುತ್ತಿತ್ತು.

ಹುಳು ಕಾಣುವ ಮುಂಚೆ ಪುಡಿ ಕಾಣುತ್ತದೆ. ಪುಡಿ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ ಅನ್ನುವುದು ನಾನು ಆವತ್ತು ಕಲಿತ ಪಾಠ. ಸಿಲ್ವರ್ ಓಕ್ ತುಂಡುಗಳ ಕೆಳಗೆ ಮೈದಾಹಿಟ್ಟಿನಷ್ಟು ನಯವಾದ ಪುಡಿ ಬಿದ್ದಿತ್ತು. ಬೆರಳಲ್ಲಿ ಉಜ್ಜಿದರೆ ಟಾಲ್ಕಂ ಪೌಡರ್ ಥರ. ಮರದ ಮೇಲೆ ಗುಂಡುಸೂಜಿ ತಲೆಯಷ್ಟೇ ತೂತುಗಳು. ಅದು ಕುಟ್ಟೆ, ಒಣ ಮರ ಕೊರೆದು ಪುಡಿ ಮಾಡುವ ಸಣ್ಣ ಹುಳು. ಮಾವಿನ ತುಂಡುಗಳ ಹತ್ತಿರ ಬಿದ್ದಿದ್ದು ಪುಡಿಯಲ್ಲ, ಒರಟು ನಾರು ನಾರಾದ ಹೊಟ್ಟು. ಇದನ್ನು ಮಾಡಿದ ಬಾಯಿ ದೊಡ್ಡದು.

ಕರ ಕರ ಅನ್ನುತ್ತಿದ್ದ ತುಂಡನ್ನು ನಿಲ್ಲಿಸಿ ಕೊಡಲಿ ಬೀಸಿದೆ. ಎರಡನೇ ಏಟಿಗೆ ಸೀಳಿತು. ಒಳಗೆ ಬೆರಳು ತೂರುವಷ್ಟು ಅಗಲದ ಸುರಂಗ, ತುಂಬ ಹೊಟ್ಟು. ಅದರ ಕೊನೆಯಲ್ಲಿ ಕೆನೆ ಬಣ್ಣದ ದಪ್ಪ ಹುಳು. ಸ್ಕೇಲ್ ಇಟ್ಟು ನೋಡಿದೆ, 7 ಸೆಂ.ಮೀ. ಮೈಯೆಲ್ಲ ಮಡಿಕೆ ಮಡಿಕೆ. ಕಾಲೇ ಇಲ್ಲ. ತಲೆ ಮಾತ್ರ ಕಂದು, ಅದರ ತುದಿಯಲ್ಲಿ ಕಪ್ಪು ಹಲ್ಲು. "ಅಯ್ಯೋ, ಹಲಸಿನ ತೊಳೆ ಥರ ಇದೆಯಲ್ಲೋ" ಅಂದರು ಅಮ್ಮ. ನಾನು ಆ ವಾರ ಹಲಸು ನೆನೆಸಿಕೊಳ್ಳಲಿಲ್ಲ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ (ಜಿಕೆವಿಕೆ) ಓದಿದ ಸ್ನೇಹಿತನಿಗೆ ಫೋಟೋ ಕಳಿಸಿದೆ. ಮಾವಿನ ಕಾಂಡ ಕೊರೆಯುವ ಹುಳು, ಉದ್ದ ಮೀಸೆಯ ದುಂಬಿಯ ಮರಿ, ಹೆಸರು ಬ್ಯಾಟೊಸೆರಾ ರೂಫೊಮ್ಯಾಕ್ಯುಲೇಟಾ ಅಂದ. ದುಂಬಿ ಹೊರಬರುವುದು ಮಳೆಗಾಲದಲ್ಲಂತೆ. ಹುಡುಕಿದರೆ ಟಾರ್ಪಾಲಿನ ಮಡಿಕೆಯಲ್ಲಿ ಒಂದು ಒಣಗಿ ಬಿದ್ದಿತ್ತು. ಬೂದು ಬಣ್ಣ, ಕತ್ತಿನ ಹಿಂದೆ ಎರಡು ಕಿತ್ತಳೆ ಮಚ್ಚೆ, ಮೈಗಿಂತ ಉದ್ದದ ಮೀಸೆ. ಚೆಂದವೇ ಇದೆ, ಸುಳ್ಳು ಹೇಳಬಾರದು.

ಆಮೇಲೆ ಅವನು ಕೇಳಿದ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. "ಕೊಂಬೆ ಮಳೆಗೇ ಮುರೀತು ಅಂತ ಹೆಂಗೆ ಹೇಳ್ತೀಯಾ?" ಈ ದುಂಬಿ ಜೀವಂತವಾಗಿ ನಿಂತಿರುವ ಮರಕ್ಕೇ ಮೊಟ್ಟೆ ಇಡುತ್ತದೆ. ಅಂದರೆ ಹುಳು ನಮ್ಮ ಹಿತ್ತಲಿಗೆ ಬಂದು ಸೇರಿಕೊಂಡಿದ್ದಲ್ಲ, ಕೊಂಬೆಯ ಜೊತೆಗೇ ಬಂದಿದ್ದು. ಹುಳು ಒಳಗೆ ಕೊರೆದೇ ಕೊಂಬೆ ಸೋತಿರಬೇಕು, ಗಾಳಿ ಮಳೆ ಬರೀ ನೆಪ.

ಆ ಹುಳುವಿನಿಂದ ಮನೆಗೆ ಅಪಾಯವಿಲ್ಲ. ಒಣಗಿದ ಬಾಗಿಲು, ಮಂಚದ ತಂಟೆಗೆ ಅದು ಬರುವುದಿಲ್ಲ. ನನಗೆ ಭಯ ಹುಟ್ಟಿಸಿದ್ದು ಉಳಿದೆರಡು. ಒಂದು ಕುಟ್ಟೆ, ಅದು ಪೀಠೋಪಕರಣಕ್ಕೂ ಹತ್ತುತ್ತದೆ. ಇನ್ನೊಂದು ಗೆದ್ದಲು. ಕೊನೆಯ ಸಾಲು ಎತ್ತಿದಾಗ ನೆಲಕ್ಕೆ ತಾಗಿದ್ದ ತುಂಡಿಗೆಲ್ಲ ಮಣ್ಣು ಮೆತ್ತಿತ್ತು. ಅಲ್ಲಿಂದ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಗೋಡೆ ಹತ್ತಿ, ಬಚ್ಚಲ ಕಿಟಕಿ ಚೌಕಟ್ಟಿಗೆ ಇನ್ನೊಂದು ಗೇಣು ಇರುವಾಗ ನಿಂತಿತ್ತು. ಉಗುರಲ್ಲಿ ಕೆರೆದರೆ ಒಳಗೆ ಬಿಳಿ ಹುಳುಗಳು ಗಾಬರಿಯಲ್ಲಿ ಓಡಾಡಿದವು. ಗೆರೆಯನ್ನು ಪೂರ್ತಿ ಕೆರೆದು, ಗೋಡೆ ಗುಡಿಸಿ, ಒಂದು ವಾರ ದಿನಾ ನೋಡಿದೆ. ಹೊಸ ಮಣ್ಣು ಕಟ್ಟಲಿಲ್ಲ. ಕಟ್ಟಿದ್ದರೆ ಗೆದ್ದಲಿಗೆ ಔಷಧಿ ಹೊಡೆಯುವವರನ್ನು ಕರೆಸಲೇಬೇಕಿತ್ತು.

ಸೌದೆಗೆ ಮಾತ್ರ ಔಷಧಿ ಹೊಡೆಯಬಾರದು. ಅದರ ಹೊಗೆ ಕುಡಿಯುವವರು ನಾವೇ ತಾನೆ. ಕುಟ್ಟೆ ಹಿಡಿದದ್ದನ್ನು ಮನೆಯೊಳಗೆ ಇಟ್ಟುಕೊಳ್ಳದೆ ಮೊದಲು ಒಲೆಗೆ ಹಾಕಿ ಮುಗಿಸಿದೆವು. ಕೊರಕ ಹುಳುಗಳನ್ನು ಕಾಂಪೌಂಡ್ ಮೇಲೆ ಇಟ್ಟರೆ ಒಂದು ಕೆಂಬೂತ ಬಂದು ಎತ್ತಿಕೊಂಡು ಹೋಯಿತು. ಮಾರನೇ ದಿನವೂ ಬಂದು ಕೂತು ಕಾಯಿತು, ಪಾಪ.

ಉಳಿದ ಸೌದೆಯನ್ನು ಈಗ ಗೋಡೆಯಿಂದ ಎರಡು ಅಡಿ ಬಿಟ್ಟು ಒಟ್ಟಿದ್ದೇನೆ. ಕೆಳಗೆ ಸಿಮೆಂಟ್ ಬ್ಲಾಕ್, ಅದರ ಮೇಲೆ ಹಳೇ ಕಬ್ಬಿಣದ ಪೈಪು, ಆಮೇಲೆ ಸೌದೆ. ತೊಗಟೆ ಬಿಡಿಸಿದ್ದೇನೆ. ಒದ್ದೆ ನಿಲ್ಲುವುದೂ ಹುಳು ಅಡಗುವುದೂ ಜಾಸ್ತಿ ಅದರಡಿಯಲ್ಲೇ. ಟಾರ್ಪಾಲು ನೆತ್ತಿಗೆ ಮಾತ್ರ, ಪಕ್ಕದಲ್ಲಿ ಗಾಳಿ ಆಡುತ್ತದೆ.

ಪಕ್ಕದ ಮನೆಗೆ ಹೋಗಿ ಆಂಟಿಯ ಜೊತೆ ಮರ ನೋಡಿದೆ. ಬುಡದಲ್ಲಿ ಅದೇ ಒರಟು ಹೊಟ್ಟು, ಕಾಂಡದಲ್ಲಿ ಮೂರು ತೂತು. ಸ್ನೇಹಿತ ಹೇಳಿದಂತೆ ಸೈಕಲ್ ಸ್ಪೋಕ್ ತೂರಿಸಿ ಕೆದಕಿ, ಪೆಟ್ರೋಲಿನಲ್ಲಿ ಅದ್ದಿದ ಹತ್ತಿ ತುರುಕಿ, ಹಸಿ ಜೇಡಿಮಣ್ಣು ಮೆತ್ತಿದೆ. ಎರಡು ತೂತು ಸುಮ್ಮನಾಗಿವೆ. ಮೂರನೆಯದರ ಮಣ್ಣು ಬಿರಿದು ಮತ್ತೆ ಹೊಟ್ಟು ಉದುರುತ್ತಿದೆ. ಈ ಭಾನುವಾರ ಉದ್ದದ ತಂತಿ ಹಿಡಿದು ಹೋಗಬೇಕು.