ಬಾಕ್ಸಿಂಗ್ ಬಿಟ್ಟ ಮೊದಲ ವರ್ಷದಲ್ಲೇ ಮಾಡಿ ಮುಗಿಸಬೇಕಾದ ಕೆಲಸಗಳು

ನನ್ನ ಅಣ್ಣ ಹದಿಮೂರು ವರ್ಷ ಬಾಕ್ಸಿಂಗ್ ಆಡಿ, ತೀರ್ಥಹಳ್ಳಿ ಸಮೀಪದ ನಮ್ಮ ಮನೆಗೆ ಹಿಂದಿರುಗಿ ತೋಟ ನೋಡಿಕೊಳ್ಳತೊಡಗಿದ. ಅಡಿಕೆಯ ತೂಕ, ಆಳುಗಳ ಸಂಬಳ, ಮಂಡಿಯ ಲೆಕ್ಕ ಎಲ್ಲವನ್ನೂ ಅವನೇ ಬರೆದಿಡುತ್ತಿದ್ದ. ಎಂಟು ವರ್ಷಗಳ ನಂತರ ಹಳೆಯದೊಂದು ಬಾಕಿ ಹುಡುಕಲು ಆ ಪುಸ್ತಕಗಳನ್ನೆಲ್ಲ ಜಗುಲಿಯ ಮೇಲೆ ಸಾಲಾಗಿ ಬಿಡಿಸಿಟ್ಟಾಗ, ಮೊದಲ ಪುಸ್ತಕದಲ್ಲಿ ಸಾಲು ತುಂಬುವಷ್ಟು ದುಂಡಗಿದ್ದ ಅಕ್ಷರಗಳು ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಬಂದು, ಕೊನೆಯ ಪುಸ್ತಕದಲ್ಲಿ ಸಾಸಿವೆಕಾಳಿನಷ್ಟಾಗಿದ್ದವು. ಕೇಳಿದರೆ ಅವನು, "ನಂಗೆ ಓದ್ಲಿಕ್ಕೆ ಬರ್ತದಲ್ಲ, ಸಾಕು ಮಾರಾಯ" ಎಂದ. ನರರೋಗ ತಜ್ಞರು ಮಾತ್ರ ಬೇರೆ ಪರೀಕ್ಷೆಗಳಿಗೆ ಮೊದಲು ಆ ಪುಸ್ತಕಗಳನ್ನೇ ಬಹಳ ಹೊತ್ತು ನೋಡಿದರು. ಬರವಣಿಗೆ ಕುಗ್ಗುವುದು, ಕೈನಡುಕ ತಂದು ಚಲನೆಯನ್ನು ನಿಧಾನಗೊಳಿಸುವ ಪಾರ್ಕಿನ್ಸನ್ ಬಗೆಯ ತೊಂದರೆಗಳ ಆರಂಭದ ಲಕ್ಷಣಗಳಲ್ಲಿ ಒಂದು ಎಂಬುದು ನಮಗೆ ತಿಳಿದದ್ದು ಅಂದೇ. ಈಗಷ್ಟೇ ಬಾಕ್ಸಿಂಗ್ ಬಿಟ್ಟವರು ಮತ್ತು ಅವರ ಮನೆಯವರು ನಮ್ಮಷ್ಟು ತಡಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷವೇ ಏಕೆ ಎಂಬುದನ್ನು ಮೊದಲು ಹೇಳಬೇಕು. ತಲೆಗೆ ಪದೇ ಪದೇ ಏಟು ತಿಂದ ಬಾಕ್ಸರ್‌ಗಳಲ್ಲಿ ನಡಿಗೆ, ಮಾತು ಮತ್ತು ನೆನಪು ಕೆಡುವುದನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ವಿವರಿಸಿದ್ದರು. 1973ರಲ್ಲಿ ಇಂಗ್ಲೆಂಡಿನ ಕಾರ್ಸೆಲಿಸ್ ಮತ್ತು ಸಂಗಡಿಗರು 15 ಮಂದಿ ಮಾಜಿ ಬಾಕ್ಸರ್‌ಗಳ ಮಿದುಳುಗಳನ್ನು ಪರೀಕ್ಷಿಸಿ ಹಾನಿಯ ಸ್ವರೂಪವನ್ನು ದಾಖಲಿಸಿದರು. ಈ ಹಾನಿ ಹಲವರಲ್ಲಿ ಆಟ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ ತಲೆದೋರುತ್ತದೆ, ಮತ್ತು ಪದೇ ಪದೇ ಬಿದ್ದ ಏಟಿನಿಂದ ಮಿದುಳು ಕ್ರಮೇಣ ಕೆಡುವ, ಸಿಟಿಇ ಎಂದು ಕರೆಯುವ ಕಾಯಿಲೆಯನ್ನು ಇಂದಿಗೂ ಮರಣಾನಂತರ ಮಿದುಳನ್ನು ಪರೀಕ್ಷಿಸಿಯೇ ಖಚಿತಪಡಿಸಬೇಕಾಗಿದೆ. ಲಕ್ಷಣಗಳು ಎದ್ದು ಕಾಣುವ ಹೊತ್ತಿಗೆ ಆ ವ್ಯಕ್ತಿಗೆ ತನ್ನಲ್ಲಾದ ಬದಲಾವಣೆಯನ್ನು ಗುರುತಿಸುವ ಶಕ್ತಿಯಾಗಲಿ, ಕಚೇರಿಗಳಿಗೆ ಅಲೆಯುವ ತ್ರಾಣವಾಗಲಿ ಉಳಿದಿರುವುದಿಲ್ಲ. ಆದ್ದರಿಂದ ಮೈ ಗಟ್ಟಿಯಿರುವಾಗಲೇ ಎರಡು ಬಗೆಯ ದಾಖಲೆ ಸಿದ್ಧವಾಗಬೇಕು: ಒಂದು ಮೈಯದು, ಇನ್ನೊಂದು ಹಣದ್ದು.

ಮೈಯ ದಾಖಲೆಗೆ ಶಿವಮೊಗ್ಗ ಜಿಲ್ಲೆಯವರು ಮೆಗ್ಗಾನ್ ಆಸ್ಪತ್ರೆಯಿಂದ ಆರಂಭಿಸಬಹುದು. ಅದು ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಬೋಧನಾ ಆಸ್ಪತ್ರೆ. ಅಗತ್ಯ ಕಂಡರೆ ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಪತ್ರ ಪಡೆಯಬಹುದು. ತೀರ್ಥಹಳ್ಳಿ ಕಡೆಯವರಿಗೆ ಆಗುಂಬೆ ಘಾಟಿ ಇಳಿದರೆ ಮಣಿಪಾಲ ಹತ್ತಿರ. ಮಳೆಗಾಲದಲ್ಲಿ ಘಾಟಿಯ ದಾರಿಯನ್ನು ನಂಬುವಂತಿಲ್ಲವಾದ್ದರಿಂದ ವರ್ಷಕ್ಕೊಮ್ಮೆಯ ಭೇಟಿಯನ್ನು ಮೇ ತಿಂಗಳೊಳಗೇ ಮುಗಿಸಿಕೊಳ್ಳುವುದು ಲೇಸು. ಹೋಗುವ ಮೊದಲು ಒಂದು ಹಾಳೆಯಲ್ಲಿ ಎಷ್ಟು ವರ್ಷ ಆಡಿದಿರಿ, ಸುಮಾರು ಎಷ್ಟು ಬೌಟ್ (ಪಂದ್ಯ), ವಾರಕ್ಕೆ ಎಷ್ಟು ದಿನ ಸ್ಪಾರಿಂಗ್ (ಜೊತೆಗಾರರೊಂದಿಗೆ ಅಭ್ಯಾಸದ ಕಾದಾಟ), ಎಷ್ಟು ಸಲ ನಾಕೌಟ್ ಆದಿರಿ, ಏಟಿನ ನಂತರ ತಲೆಸುತ್ತು ಎಷ್ಟು ದಿನ ಉಳಿಯುತ್ತಿತ್ತು ಎಂಬುದನ್ನು ಬರೆದುಕೊಳ್ಳಿ. "ಬಾಕ್ಸಿಂಗ್ ಆಡುತ್ತಿದ್ದೆ" ಎಂದಷ್ಟೇ ಹೇಳಿದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ನೆನಪು, ಗಮನ, ಸಮತೋಲನ ಮತ್ತು ಕೈಚಳಕದ ಪರೀಕ್ಷೆಗಳನ್ನು ಈಗಲೇ ಮಾಡಿಸಿ ಅಂಕಗಳನ್ನು ಬರೆಸಿಕೊಳ್ಳಿ, ಏಕೆಂದರೆ ಹತ್ತು ವರ್ಷಗಳ ನಂತರ ಹೋಲಿಸಿ ನೋಡಲು ಇರುವುದು ಅವೇ.

ಹೆಂಡತಿಯಾಗಲಿ ಒಡಹುಟ್ಟಿದವರಾಗಲಿ ಒಬ್ಬರು ಜೊತೆಗೆ ಹೋಗಲೇಬೇಕು. ಸಿಡುಕು ಹೆಚ್ಚಿದ್ದು, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ನಿದ್ದೆಯಲ್ಲಿ ಕೈಕಾಲು ಬೀಸುವುದು, ಅಂಗಿಯ ಗುಂಡಿ ಹಾಕಲು ಹೆಚ್ಚು ಹೊತ್ತು ಹಿಡಿಯುವುದು ಕಾಣುವುದು ಮನೆಯವರಿಗೇ ಹೊರತು ಆಟ ಬಿಟ್ಟವರಿಗಲ್ಲ. ಹಾಗೆಂದು ಮರೆವೆಲ್ಲ ಏಟಿನಿಂದಲೇ ಬಂದದ್ದೆಂದು ತೀರ್ಮಾನಿಸಿ ಕೈಚೆಲ್ಲಲೂಬಾರದು. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಮದ್ಯ, ಮುರಿದ ಮೂಗಿನಿಂದಾಗಿ ಕೆಟ್ಟ ನಿದ್ದೆ, ಇವೆಲ್ಲವೂ ಮರೆವು ತರುತ್ತವೆ ಮತ್ತು ಇವಕ್ಕೆಲ್ಲ ಚಿಕಿತ್ಸೆ ಇದೆ. ತಲೆಸುತ್ತಿಗೆಂದು ಬಹುಕಾಲ ನುಂಗುವ ಸಿನ್ನರಿಜಿನ್‌ನಂಥ ಮಾತ್ರೆಗಳಿಂದಲೇ ಕೆಲವರಿಗೆ ಕೈನಡುಕ ಬರುವುದುಂಟು. ಆದ್ದರಿಂದ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ, ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಮೂವತ್ತೈದಕ್ಕೇ ವಿಪರೀತ ಆಯಾಸ, ಮೈಬಲ ಕುಸಿತ, ದಾಂಪತ್ಯದಲ್ಲಿ ನಿರಾಸಕ್ತಿ ಕಂಡರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನು ಪರೀಕ್ಷೆಯ ಬಗ್ಗೆ ಕೇಳಿ. ತಲೆಯ ಏಟಿನಿಂದ ಆ ಗ್ರಂಥಿ ದುರ್ಬಲವಾಗುವುದು ಬಾಕ್ಸರ್‌ಗಳಲ್ಲಿ ಕಂಡುಬಂದಿದೆ, ಆದರೆ ಸಂಕೋಚದಿಂದ ಯಾರೂ ಈ ಮಾತನ್ನು ಎತ್ತುವುದಿಲ್ಲ.

ಕಣ್ಣನ್ನು ಪಾಪೆ ಹಿಗ್ಗಿಸಿ ಪರೀಕ್ಷಿಸಿಕೊಳ್ಳಬೇಕು, ಕಣ್ಣಿನ ಒತ್ತಡವನ್ನೂ ಅಳೆಸಬೇಕು. ಕಣ್ಣೆದುರು ಮಿಂಚು ಹೊಡೆದಂತಾದರೆ ಅಥವಾ ಒಂದು ಬದಿಯಿಂದ ಪರದೆ ಇಳಿದಂತಾದರೆ ಮರುದಿನಕ್ಕೆ ಬಿಡದೆ ಅಂದೇ ಕಣ್ಣಿನ ಆಸ್ಪತ್ರೆ ಸೇರಬೇಕು, ಅದು ಅಕ್ಷಿಪಟಲ (ರೆಟಿನಾ) ಕಳಚುತ್ತಿರುವ ಸೂಚನೆಯಾಗಿರಬಹುದು. ಬೆರಳುಗಂಟುಗಳ ಹಳೆಯ ನೋವು ನಮ್ಮ ಮಳೆ-ಚಳಿಯಲ್ಲಿ ಮರುಕಳಿಸುತ್ತದೆ. ಬೆಳಿಗ್ಗೆ ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಹತ್ತು ನಿಮಿಷ ಕೈಯಿಟ್ಟು ಬೆರಳು ಮಡಚಿ ಬಿಡಿಸಿದರೆ ಅಣ್ಣನಿಗೆ ಎಷ್ಟೋ ಹಿತವಾಗುತ್ತದೆ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದರಿಂದ ಮೂತ್ರಪಿಂಡ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ.

ಆಟ ಬಿಟ್ಟವರು ಸ್ಪಾರಿಂಗನ್ನೂ ಬಿಡಬೇಕು. ಹುಡುಗರಿಗೆ ಕಲಿಸುವ ನೆಪದಲ್ಲಿ ಮತ್ತೆ ರಿಂಗಿಗಿಳಿದು ತಲೆಗೆ ಏಟು ತಿನ್ನುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಒಬ್ಬ ಬಾಕ್ಸರ್ ತಿನ್ನುವ ಏಟುಗಳಲ್ಲಿ ಹೆಚ್ಚಿನವು ಬೌಟ್‌ನಲ್ಲಲ್ಲ, ಅಭ್ಯಾಸದಲ್ಲಿ ಬಿದ್ದವು. ಹೆಡ್‌ಗಾರ್ಡ್ ಇದೆಯಲ್ಲ ಎಂಬ ಧೈರ್ಯ ಸಲ್ಲದು. ಅದು ಹುಬ್ಬು ಸೀಳುವುದನ್ನು ತಡೆದೀತು, ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯಲಾರದು. ಹುಡುಗರು ಗುದ್ದಲು ಕೈಯಲ್ಲಿ ಪ್ಯಾಡ್ ಹಿಡಿದು ಕಲಿಸಿ, ಅಷ್ಟು ಸಾಕು.

ಮಲೆನಾಡಿನ ಮನೆಯಲ್ಲಿ ಇನ್ನೊಂದು ಎಚ್ಚರ ಬೇಕು. ಸಮತೋಲನ ಸ್ವಲ್ಪ ತಪ್ಪಿದರೂ ಅದು ಮೊದಲು ತಿಳಿಯುವುದು ಹಳ್ಳದ ಕಾಲುಸಂಕದ ಮೇಲೆ ಅಥವಾ ಪಾಚಿ ಕಟ್ಟಿದ ಅಂಗಳದಲ್ಲಿ. ಸಂಕ ದಾಟುವಾಗ ಹಿಂದೆಂದೂ ಹಿಡಿಯದ ಹಗ್ಗವನ್ನು ಹಿಡಿಯತೊಡಗಿದರೆ ಅದನ್ನು ವೈದ್ಯರಿಗೆ ಹೇಳಿ. ಮರ ಹತ್ತಿ ಅಡಿಕೆಗೊನೆ ತೆಗೆಯುವುದನ್ನು, ಔಷಧಿ ಹೊಡೆಯುವುದನ್ನು ಪೂರ್ತಿ ನಿಲ್ಲಿಸಿ, ದೋಟಿಯಲ್ಲಿ (ಉದ್ದದ ಕೋಲಿನಲ್ಲಿ) ಮಾಡುವವರಿಗೆ ಬಿಟ್ಟುಕೊಡಿ. ಈ ಮಾತಿಗೆ ಅಣ್ಣನನ್ನು ಒಪ್ಪಿಸಲು ನಮಗೆ ಎರಡು ಸುಗ್ಗಿ ಬೇಕಾಯಿತು. ಮನಸ್ಸು ಕುಗ್ಗಿದಾಗ, ಕುಡಿತ ಹೆಚ್ಚಿದಾಗ, ಬದುಕು ಬೇಡವೆಂಬ ಮಾತು ಬಂದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ನೋಡಿಕೊಳ್ಳುವವರು ಸೋತಾಗಲೂ ಮಾಡಬಹುದು.

ಹಣದ ಮಾತಿಗೆ ಬಂದರೆ, 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಹೆವಿವೇಟ್ ಚಿನ್ನ ಗೆದ್ದು ಪದ್ಮಶ್ರೀ ಪಡೆದ ಕೌರ್ ಸಿಂಗ್ ಅವರೇ ಮುಪ್ಪಿನಲ್ಲಿ ಹೃದಯದ ಚಿಕಿತ್ಸೆಗೆ ಸಾಲ ಮಾಡಬೇಕಾಯಿತು. 2017ರಲ್ಲಿ ಸುದ್ದಿಯಾದ ಮೇಲೆ ಕ್ರೀಡಾಪಟುಗಳ ರಾಷ್ಟ್ರೀಯ ಕಲ್ಯಾಣ ನಿಧಿಯಿಂದ ಅವರಿಗೆ 5 ಲಕ್ಷ ರೂಪಾಯಿ ಮಂಜೂರಾಯಿತು. ಪಂಡಿತ್ ದೀನದಯಾಳ್ ಉಪಾಧ್ಯಾಯ ಅವರ ಹೆಸರಿನಲ್ಲಿರುವ ಆ ನಿಧಿ ಸುದ್ದಿಯಾಗುವವರೆಗೆ ಕಾಯಬೇಕಾದದ್ದಲ್ಲ, ಕಷ್ಟದಲ್ಲಿರುವ ಕ್ರೀಡಾಪಟು ತಾನೇ ಅರ್ಜಿ ಹಾಕಬಹುದು. ಅಂತರರಾಷ್ಟ್ರೀಯ ಪದಕ ಗೆದ್ದವರಿಗೆ ಕೇಂದ್ರದ ಪಿಂಚಣಿಯೂ ಇದೆ: 30 ವರ್ಷ ತುಂಬಿ ಆಟದಿಂದ ನಿವೃತ್ತರಾಗಿರಬೇಕು, ಮತ್ತು 2018ರ ಪರಿಷ್ಕರಣೆಯಂತೆ ಏಷ್ಯನ್ ಅಥವಾ ಕಾಮನ್‌ವೆಲ್ತ್ ಕೂಟದ ಬೆಳ್ಳಿ-ಕಂಚಿಗೆ ತಿಂಗಳಿಗೆ 12,000, ಚಿನ್ನಕ್ಕೆ 14,000, ಒಲಿಂಪಿಕ್ ಪದಕಕ್ಕೆ 20,000 ರೂಪಾಯಿ.

ನಮ್ಮ ಕಡೆಯ ಹೆಚ್ಚಿನವರು ರಾಜ್ಯ ಮಟ್ಟದಲ್ಲೋ ರಾಷ್ಟ್ರಮಟ್ಟದಲ್ಲೋ ಆಡಿ ನಿಂತವರು, ಅವರಿಗೆ ಈ ಪಿಂಚಣಿ ದೊರೆಯದು. ಅಂಥವರು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಮಾಜಿ ಕ್ರೀಡಾಪಟುಗಳಿಗಿರುವ ನೆರವಿನ ಬಗ್ಗೆ ಲಿಖಿತವಾಗಿ ಅರ್ಜಿ ಕೊಟ್ಟು ಸ್ವೀಕೃತಿಯ ಮೊಹರು ಪಡೆಯಬೇಕು. ಬಾಯಿಮಾತಿನಲ್ಲಿ ವಿಚಾರಿಸಿ ಬಂದ ನಮಗೆ ಒಂದು ಕಚೇರಿಯಲ್ಲಿ ಒಂದೂವರೆ ವರ್ಷ ವ್ಯರ್ಥವಾಯಿತು. 2024ರ ಆಗಸ್ಟ್ 29ರಂದು ಆರಂಭವಾದ ರೀಸೆಟ್ ಎಂಬ ಕೇಂದ್ರದ ತರಬೇತಿ ಯೋಜನೆ 20ರಿಂದ 50 ವರ್ಷದೊಳಗಿನ ನಿವೃತ್ತ ಕ್ರೀಡಾಪಟುಗಳಿಗೆ ಬೇರೆ ಉದ್ಯೋಗದ ದಾರಿ ತೋರಿಸುತ್ತದೆ. ಹೆಚ್ಚು ಓದದವರಿಗೂ ಅದರಲ್ಲಿ ಅವಕಾಶವಿದೆ.

ಎಲ್ಲ ಅರ್ಜಿಗಳೂ ನಿಲ್ಲುವುದು ಪ್ರಮಾಣಪತ್ರಗಳ ಮೇಲೆ. ಅಟ್ಟದ ಮೇಲಿಟ್ಟ ನಮ್ಮ ಅಣ್ಣನ ಪ್ರಮಾಣಪತ್ರಗಳಲ್ಲಿ ಮೂರಕ್ಕೆ ಗೆದ್ದಲು ಹಿಡಿದಿತ್ತು, ಎರಡರಲ್ಲಿ ಬೂಷ್ಟು ಬೆಳೆದು ಕೂಟದ ಹೆಸರೇ ಅಳಿಸಿತ್ತು. ಸಂಘಟಕರು, ಕೋಚ್‌ಗಳು ಬದುಕಿರುವಾಗಲೇ ನಕಲು ಪಡೆಯಿರಿ, ಸ್ಕ್ಯಾನ್ ಮಾಡಿಸಿ, ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿಡಿ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಇಂದೇ ಮಾಡಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಇತರರಿಗೆ ಆ ಚಿಕಿತ್ಸೆಗೆ ಸರ್ಕಾರ ನಿಗದಿಪಡಿಸಿದ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಅದು ಮುಖ್ಯವಾಗಿ ಆಸ್ಪತ್ರೆಯಲ್ಲಿ ಪಡೆಯುವ ಚಿಕಿತ್ಸೆಗೆ. ತಿಂಗಳ ಮಾತ್ರೆಯ ಖರ್ಚನ್ನು ಜನೌಷಧಿ ಕೇಂದ್ರದಿಂದ ತಗ್ಗಿಸಿಕೊಳ್ಳಬೇಕು. 40 ವರ್ಷ ದಾಟದವರು, ಆದಾಯ ತೆರಿಗೆ ಕಟ್ಟದವರಾದರೆ, ಅಟಲ್ ಪಿಂಚಣಿಗೆ ಸೇರಬಹುದು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಎಂಬ ಅಪಘಾತ ವಿಮೆಯನ್ನು ಯಾರೂ ಬಿಡಬಾರದು. ಪಾರ್ಕಿನ್ಸನ್ ಕಾಯಿಲೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಸೇರಿದೆ, ಶೇ. 40 ಅಥವಾ ಹೆಚ್ಚಿನ ಪ್ರಮಾಣವೆಂದು ದೃಢಪಟ್ಟರೆ ಸಿಗುವ ಅಂಗವಿಕಲರ ಗುರುತಿನ ಕಾರ್ಡ್‌ನಿಂದ ಹಲವು ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ.

ಇನ್ನೊಂದು ಕೆಲಸ ಕಾಯಿಲೆಗಿಂತ ಮೊದಲೇ ಆಗಬೇಕು. ಬುದ್ಧಿ ಸ್ಥಿಮಿತ ತಪ್ಪಿದರೆ ಮೊದಲೇ ಬರೆದುಕೊಟ್ಟ ಮುಖ್ತ್ಯಾರ್‌ನಾಮೆ (ಪವರ್ ಆಫ್ ಅಟಾರ್ನಿ) ನಮ್ಮ ಕಾನೂನಿನಲ್ಲಿ ಊರ್ಜಿತವಾಗಿ ಉಳಿಯುವುದಿಲ್ಲ. ಆದ್ದರಿಂದ ಬ್ಯಾಂಕ್ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸುವಂತೆ ಜಂಟಿ ಮಾಡಿಸಿ, ಪ್ರತಿ ಠೇವಣಿಗೂ ನಾಮಿನಿ ಬರೆಸಿ. ಗೆಳೆಯರ ಸಾಲಕ್ಕೆ, ಚೀಟಿಗೆ ಜಾಮೀನು ಹಾಕುವುದಿಲ್ಲವೆಂದು ಮನೆಯವರೆಲ್ಲರೂ ಮೊದಲೇ ಒಪ್ಪಿಕೊಳ್ಳಿ. ವಿವೇಚನೆ ಸಡಿಲವಾಗತೊಡಗಿದ ಕಾಲದಲ್ಲಿ ಅಣ್ಣ ಹಾಕಿದ ಒಂದು ಸಹಿಯನ್ನು ತೀರಿಸಲು ನಾವು ಎರಡು ವರ್ಷದ ಅಡಿಕೆ ಕೊಟ್ಟಿದ್ದೇವೆ.

ಈ ದಾಖಲೆಗಳನ್ನೆಲ್ಲ ಸೇರಿಸಿಟ್ಟ ಕಡತದ ಕೊನೆಯಲ್ಲಿ ಖಾಲಿ ಹಾಳೆಗಳಿರಲಿ. ಯಾವುದಾದರೂ ಹತ್ತು ಸಾಲು ಆರಿಸಿಕೊಂಡು, ಪ್ರತಿ ದೀಪಾವಳಿಗೆ ಅವೇ ಸಾಲುಗಳನ್ನು ಆಟ ಬಿಟ್ಟವರ ಕೈಯಿಂದಲೇ ಬರೆಸಿ, ತಾರೀಕು ಹಾಕಿ ಸೇರಿಸಿ, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿ. ಅಕ್ಷರ ಈಗಾಗಲೇ ಕುಗ್ಗಿದ್ದರೆ ಅಗಲ ಗೆರೆಯ ಪುಸ್ತಕ ತಂದುಕೊಡಿ. ಗೆರೆ ಕಣ್ಣಿಗೆ ಬಿದ್ದಾಗ ಕೈ ಅದನ್ನು ಮುಟ್ಟಲು ಯತ್ನಿಸುತ್ತದೆ. ಅಣ್ಣ ಈಗ ಅಡಿಕೆಯ ಲೆಕ್ಕವನ್ನು ಅಂಥ ಪುಸ್ತಕದಲ್ಲೇ ಬರೆಯುತ್ತಾನೆ, ನಿಧಾನವಾಗಿ, ಸಾಲಿಗೆ ಎರಡೇ ಪದದಂತೆ.