‘ಪುಟ 47 ನೋಡಿ’ ಅಂತ ಕೈಯಲ್ಲೇ ಬರೆದು ಪಟ್ಟ ಪಾಡು

ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಮೊದಲ ಕೈಪಿಡಿ ಬರೆಯುವಾಗ ‘ಪುಟ 47 ನೋಡಿ’ ಅಂತ ಸುಮ್ನೆ ಟೈಪ್ ಮಾಡುತ್ತಾ ಹೋಗಿದ್ದೆ. ನಡುವೆ ಎರಡು ಚಿತ್ರ ಸೇರಿಸಿದೆ, ಅಷ್ಟೆ. 47ರಲ್ಲಿದ್ದ ಕೋಷ್ಟಕ 49ಕ್ಕೆ ಜಾರಿತು. ಎಲ್ಲೆಲ್ಲಿ ‘ನೋಡಿ’ ಇದೆ ಅಂತ ಹುಡುಕಿ ತಿದ್ದುವುದರಲ್ಲೇ ಒಂದು ದಿನ ಹೋಯಿತು.

ಆಮೇಲೆ ಹೈಪರ್‌ಲಿಂಕ್ ಹಾಕಿ ನೋಡಿದೆ. ಒತ್ತಿದರೆ ಸರಿಯಾದ ಜಾಗಕ್ಕೇ ಹೋಗುತ್ತದೆ. ಆದರೆ ಮೇಲೆ ಕಾಣುವ ‘47’ ಮಾತ್ರ ಹಾಗೇ ಇರುತ್ತದೆ. ಪ್ರಿಂಟ್ ಹಿಡಿದು ಓದುವವರಿಗೆ ಅದರಿಂದ ಏನು ಬಂತು?

ಕೊನೆಗೆ ವರ್ಡ್‌ನ ಕ್ರಾಸ್-ರೆಫರೆನ್ಸ್ ಹಿಡಿದೆ. ಬೇರೆ ಕಡೆಯ ಶೀರ್ಷಿಕೆಯನ್ನೋ ಅದರ ಸಂಖ್ಯೆಯನ್ನೋ ಪುಟಸಂಖ್ಯೆಯನ್ನೋ ವರ್ಡ್ ತಾನೇ ತಂದು ಹಾಕುವ ಕೊಂಡಿ ಅದು. ರೆಫರೆನ್ಸಸ್ ಟ್ಯಾಬ್‌ನಲ್ಲೇ ಇದೆ. ಶೀರ್ಷಿಕೆಯ ಸಂಖ್ಯೆ ಕೇಳಿದರೆ ‘0’ ಬಂತು! ಸಂಖ್ಯೆಗಳನ್ನು ನಾನೇ ಟೈಪ್ ಮಾಡಿದ್ದೆ. ವರ್ಡ್ ಲೆಕ್ಕಕ್ಕೆ ಅವು ಸಂಖ್ಯೆಗಳೇ ಅಲ್ಲ. ಹೆಡಿಂಗ್ ಸ್ಟೈಲ್‌ಗೆ (ಶೀರ್ಷಿಕೆಗಳಿಗೆ ವರ್ಡ್ ಕೊಡುವ ಸಿದ್ಧ ವಿನ್ಯಾಸ) ತಾನಾಗಿ ಬರುವ ಸಂಖ್ಯೆ ಜೋಡಿಸಿದ ಮೇಲೆ ಸರಿಹೋಯಿತು.

ಸಂಖ್ಯೆ ತರಿಸಬೇಕೋ, ಶೀರ್ಷಿಕೆಯ ಮಾತನ್ನೇ ತರಿಸಬೇಕೋ? ಕನ್ನಡದಲ್ಲಿ ಇಲ್ಲೊಂದು ತೊಡಕಿದೆ. ಅಂಕಿಯಾದರೆ ಚಿಂತೆಯಿಲ್ಲ: 3ರಲ್ಲಿ, 12ರಲ್ಲಿ, ಯಾವುದಕ್ಕೂ ‘ರಲ್ಲಿ’ ಸಾಕು. ಶೀರ್ಷಿಕೆ ಹಾಗಲ್ಲ. ‘ತಯಾರಿ’ಗೆ ‘ಯಲ್ಲಿ’ ಅಂಟಿಸಿದ್ದೆ. ಮುಂದೆ ಅದನ್ನು ‘ಸಿದ್ಧತೆಗಳು’ ಮಾಡಿದಾಗ ‘ಸಿದ್ಧತೆಗಳುಯಲ್ಲಿ’ ಆಯಿತು. ಈಗ ಸಂಖ್ಯೆಯನ್ನೇ ತರಿಸುತ್ತೇನೆ. ಶೀರ್ಷಿಕೆ ಬೇಕೇ ಬೇಕು ಅನಿಸಿದರೆ ‘ಎಂಬ ಭಾಗದಲ್ಲಿ’ ಅಂತ ಮುಂದೆ ಸೇರಿಸುತ್ತೇನೆ.

ದೊಡ್ಡ ಪೆಟ್ಟು ಬಿದ್ದದ್ದು ‘ಎರರ್! ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್’, ಅಂದರೆ ಕೊಂಡಿಯ ಮೂಲ ಸಿಗಲಿಲ್ಲ ಅಂತ ಬಂದಾಗ. ಶೀರ್ಷಿಕೆಗೆ ಕೊಂಡಿ ಹಾಕಿದಾಗ ವರ್ಡ್ ಅದರ ಸುತ್ತ ಕಣ್ಣಿಗೆ ಕಾಣದ ಬುಕ್‌ಮಾರ್ಕ್, ಅಂದರೆ ಜಾಗ ಗುರುತಿಸುವ ಗುರುತು, ಇಡುತ್ತದೆ. ನಾನು ಇಡೀ ಸಾಲನ್ನು ಅಳಿಸಿ ಹೊಸದಾಗಿ ಬರೆದಿದ್ದೆ. ಬುಕ್‌ಮಾರ್ಕೂ ಅದರ ಜೊತೆಗೇ ಹೋಗಿತ್ತು. ಈಗ ಪದಗಳ ನಡುವೆ ಕರ್ಸರ್ ಇಟ್ಟು ಹೊಸದನ್ನು ಬರೆಯುತ್ತೇನೆ, ಆಮೇಲೆ ಆಚೀಚೆಯ ಹಳೇ ಅಕ್ಷರ ತೆಗೆಯುತ್ತೇನೆ.

ಶೀರ್ಷಿಕೆಯಿಲ್ಲದ ಪ್ಯಾರಾಕ್ಕೆ ನಾನೇ ಬುಕ್‌ಮಾರ್ಕ್ ಇಟ್ಟು, ಪುಟಸಂಖ್ಯೆ ಮಾತ್ರ ತರಿಸುತ್ತೇನೆ. ಹೆಸರಿನಲ್ಲಿ ಖಾಲಿ ಜಾಗ ಬಿಡುವಂತಿಲ್ಲ. ‘ಬುಕ್‌ಮಾರ್ಕ್1’ ಅಂತ ಹೆಸರಿಟ್ಟರೆ ತಿಂಗಳ ಮೇಲೆ ನಮಗೇ ಗೊತ್ತಾಗುವುದಿಲ್ಲ, ಅಲ್ವಾ?

ಇಷ್ಟೆಲ್ಲಾ ಮಾಡಿದರೂ ಸಂಖ್ಯೆಗಳು ತಕ್ಷಣ ಬದಲಾಗುವುದಿಲ್ಲ. ಕಂಟ್ರೋಲ್-ಎ ಒತ್ತಿ ಎಲ್ಲವನ್ನೂ ಆಯ್ದು, ಅವನ್ನು ಹೊಸದಾಗಿಸಲು ಎಫ್9 ಒತ್ತಬೇಕು. ಅಡಿಟಿಪ್ಪಣಿಗಳಿಗೆ ಅದು ತಲುಪುವುದಿಲ್ಲ. ಅಲ್ಲಿ ಹೋಗಿ ಇನ್ನೊಮ್ಮೆ ಒತ್ತಬೇಕು. ನಾನಂತೂ ಪಿಡಿಎಫ್ ಮಾಡುವ ಮುನ್ನ ‘ಎರರ್!’ ಅಂತ (ಇಂಗ್ಲಿಷಿನಲ್ಲಿ Error!) ಒಮ್ಮೆ ಹುಡುಕದೆ ಕಡತವನ್ನು ಯಾರಿಗೂ ಕೊಡುವುದಿಲ್ಲ.